ಸಂದರ್ಶನದ ಉಡುಪು ಮತ್ತು ಸಿಲ್ಕ್ ಬೋರ್ಡಿನ ದಾರಿ

ಉದ್ಯೋಗ ಸಂದರ್ಶನಕ್ಕೆ ಯಾವ ಬಟ್ಟೆ ತೊಡಬೇಕು ಎಂಬ ಪ್ರಶ್ನೆಗೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳ ದಕ್ಷಿಣ ಬೆಂಗಳೂರಿನಲ್ಲಿ ಒಂದೇ ಉತ್ತರ ಸಿಗುವುದಿಲ್ಲ. ಟ್ರಸ್ಟಿನವರು ನಡೆಸುವ ಶಾಲೆ, ಸಹಕಾರಿ ಬ್ಯಾಂಕು, ಆಸ್ಪತ್ರೆ, ಆಡಿಟರ್ ಕಚೇರಿ, ಮನೆಯೊಂದರ ಮೊದಲ ಮಹಡಿಯಲ್ಲಿ ತಲೆಯೆತ್ತಿದ ಸ್ಟಾರ್ಟಪ್ ಇವೆಲ್ಲ ಇಲ್ಲಿ ನಾಲ್ಕಾರು ಕಿಲೋಮೀಟರಿನೊಳಗೇ ಇದ್ದು, ಒಂದರಲ್ಲಿ ಮರ್ಯಾದೆಯೆನಿಸುವ ಉಡುಪು ಮತ್ತೊಂದರಲ್ಲಿ ಅತಿಯೆನಿಸುತ್ತದೆ. ಅಭ್ಯರ್ಥಿಯಾಗಿಯೂ ಆನಂತರ ಆಯ್ಕೆ ಸಮಿತಿಯ ಸದಸ್ಯೆಯಾಗಿಯೂ ಮೇಜಿನ ಎರಡೂ ಬದಿಯಲ್ಲಿ ಕುಳಿತಿರುವ ಪ್ರಸ್ತುತ ಲೇಖಕಿಯ ಅನುಭವದಲ್ಲಿ, ಮಾತು ಶುರುವಾದ ಸ್ವಲ್ಪ ಹೊತ್ತಿಗೆ ಸಮಿತಿಯವರು ಮರೆತೇಬಿಡುವ ಉಡುಪೇ ಸರಿಯಾದ ಉಡುಪು.

ಮರೆಯಲು ಯೋಗ್ಯವಾದದ್ದು ಯಾವುದು ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಅಧಿಕಾರಿಗಳು, ಮೇಷ್ಟರುಗಳು ಮುಚ್ಚುಗೊರಳಿನ ಕೋಟು ತೊಟ್ಟು ಜರಿಪೇಟ ಸುತ್ತಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರಗಳಲ್ಲಿ ಪಾಶ್ಚಾತ್ಯ ಸೂಟೂ ಮೈಸೂರು ಪೇಟವೂ ಒಟ್ಟಿಗೇ ಕಾಣಿಸುತ್ತವೆ. ಸಾಫ್ಟ್‌ವೇರ್ ಉದ್ಯಮ ಬೆಳೆದಂತೆ ಆ ಜಾಗಕ್ಕೆ ತುಂಬುತೋಳಿನ ಅಂಗಿ ಮತ್ತು ಟೈ ಬಂದವು. 1983ರಲ್ಲಿ ಬೆಂಗಳೂರಿಗೆ ಬಂದು ಜಯನಗರದಿಂದಲೇ ಇಲ್ಲಿನ ಕೆಲಸ ಆರಂಭಿಸಿ, 1994ರಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಹೋದ ಇನ್ಫೋಸಿಸ್, 2015ರ ಜೂನ್‌ನಲ್ಲಿ ತನ್ನ ನೌಕರರಿಗೆ ವಾರದ ಎಲ್ಲ ದಿನವೂ ಬಿಸಿನೆಸ್ ಕ್ಯಾಶುಯಲ್, ಅಂದರೆ ಟೈ ಕೋಟುಗಳ ಹಂಗಿಲ್ಲದ, ಆದರೆ ಒಪ್ಪವಾಗಿರುವ ಉಡುಪು ತೊಡಲು ಅನುಮತಿ ನೀಡಿತು. ಆದರೂ ಬನಶಂಕರಿ ಸುತ್ತಲಿನ ಎಂಜಿನಿಯರಿಂಗ್ ಕಾಲೇಜುಗಳ ಕ್ಯಾಂಪಸ್ ಆಯ್ಕೆಯ ದಿನಗಳಲ್ಲಿ ಟೈ ಇನ್ನೂ ಉಳಿದುಕೊಂಡಿದ್ದು, ಕಂಪನಿ ಬಿಟ್ಟ ಪದ್ಧತಿಯನ್ನು ಕಾಲೇಜು ಹಿಡಿದುಕೊಂಡಿರುವ ಈ ಸೋಜಿಗದ ಬಗ್ಗೆ ವಿದ್ಯಾರ್ಥಿಗಳೇ ತಮಾಷೆ ಮಾಡುವುದುಂಟು.

ಉಡುಪಿನ ಪ್ರಭಾವವನ್ನು ಮನಶ್ಶಾಸ್ತ್ರ ಪ್ರಭಾವಳಿ ಪರಿಣಾಮ ಎಂಬ ಪರಿಕಲ್ಪನೆಯಿಂದ ವಿವರಿಸುತ್ತದೆ. ವ್ಯಕ್ತಿಯ ಒಂದು ಗುಣ ಮೆಚ್ಚುಗೆಯಾದೊಡನೆ ಅದಕ್ಕೆ ಸಂಬಂಧವೇ ಇಲ್ಲದ ಉಳಿದ ಗುಣಗಳಿಗೂ ಹೆಚ್ಚಿನ ಅಂಕ ಕೊಟ್ಟುಬಿಡುವ ಒಲವು ಇದು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ, ಸೇನೆಯ ಮೇಲಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆಗಳಿಗೆ ನೀಡಿದ ಅಂಕಗಳು ಅನುಮಾನ ಬರುವಷ್ಟು ಒಂದೇ ಜಾಡಿನಲ್ಲಿ ಸಾಗಿರುವುದನ್ನು ತೋರಿಸಿ ಇದಕ್ಕೆ ಹೆಸರಿಟ್ಟನು. ಸಮಿತಿಯಲ್ಲಿ ಕುಳಿತವರು ತಾವು ಇದಕ್ಕೆ ಹೊರತು ಎಂದುಕೊಳ್ಳುತ್ತಾರೆ. ಆದರೆ ಬಾಗಿಲು ತೆರೆದೊಡನೆ ಅವರ ಕಣ್ಣು ಕಾಲರ್, ತೋಳಿನ ಅಂಚು ಮತ್ತು ಶೂಗಳ ಮೇಲೆ ಒಮ್ಮೆ ಹಾಯ್ದೇ ಹೋಗುತ್ತದೆ. ಬೆಲೆಯನ್ನು ಅಳೆಯಲು ಆ ನೋಟಕ್ಕೆ ಪುರುಸೊತ್ತಿಲ್ಲ, ಭುಜದ ಹೊಲಿಗೆ ಭುಜದ ಮೇಲೆಯೇ ಕುಳಿತಿದೆಯೇ ಎಂಬುದು ಮಾತ್ರ ಅದಕ್ಕೆ ತಟ್ಟನೆ ತಿಳಿಯುತ್ತದೆ.

ಬಿಟಿಎಂನ ಪಿಜಿಗಳಲ್ಲಿ, ಅಂದರೆ ಊಟ ವಸತಿ ಎರಡನ್ನೂ ಕೊಡುವ ಬಾಡಿಗೆ ಮನೆಗಳಲ್ಲಿ, ಒಂದೇ ಬ್ಲೇಜರ್ ಕೋಣೆಯಿಂದ ಕೋಣೆಗೆ ಸಂಚರಿಸುವುದು ಈ ದೃಷ್ಟಿಯಿಂದಲೇ ತೊಡಕಿನದು. ಹಾಸನದಿಂದಲೋ ಕೋಲಾರದಿಂದಲೋ ಬಂದು ಕೆಲಸ ಹುಡುಕುವವರಿಗೆ ಹೊಸ ಸೂಟು ದುಬಾರಿಯಾದ್ದರಿಂದ ಎರವಲು ಅನಿವಾರ್ಯವೆನಿಸುತ್ತದೆ, ಆದರೆ ಇನ್ನೊಬ್ಬನ ಅಳತೆಯ ಬ್ಲೇಜರಿನೊಳಗೆ ಕುಳಿತವನು ತೋಳನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತ ಉತ್ತರದ ಎಳೆ ತಪ್ಪಿಸಿಕೊಳ್ಳುತ್ತಾನೆ. ಅದರ ಬದಲು ತನ್ನದೇ ತಿಳಿಬಣ್ಣದ ತುಂಬುತೋಳಿನ ಅಂಗಿಯನ್ನು ಆಲ್ಟರೇಷನ್ ಮಾಡುವ ಟೈಲರ್ ಬಳಿ ಮೈಗೆ ಸರಿಹೊಂದಿಸಿಕೊಂಡು, ಇನ್‌ಶರ್ಟ್ ಮಾಡಿ, ಕಡುಬಣ್ಣದ ಪ್ಯಾಂಟು ತೊಟ್ಟರೆ ಇಲ್ಲಿನ ಬಹುಪಾಲು ಕಚೇರಿಗಳಿಗೆ ಸಾಕು. ಕರೆ ಮಾಡಿ ವಿಚಾರಿಸಿದಾಗ ಸ್ವಾಗತಕಾರರು ಹೇಳುವ ಫಾರ್ಮಲ್ಸ್ ಅಂದರೂ ಇಷ್ಟೇ. ಡಬ್ಬಿಯಿಂದ ಆಗಷ್ಟೇ ತೆಗೆದ ಅಂಗಿಯ ಮಡಿಕೆಗಳು ಎದೆಯ ಮೇಲೆ ಚೌಕ ಚೌಕವಾಗಿ ಎದ್ದು ಕಾಣುವುದರಿಂದ ಅದನ್ನು ಒಮ್ಮೆ ಒಗೆದು, ಜಯನಗರದ ಮರಗಳ ನೆರಳಲ್ಲಿ ಇಂದಿಗೂ ನಿಲ್ಲುವ ಇಸ್ತ್ರಿ ಗಾಡಿಗೆ ಹಿಂದಿನ ಸಂಜೆಯೇ ಕೊಡುವುದು ಕ್ಷೇಮ. ಬೆಳಗ್ಗೆ ಕೊಟ್ಟರೆ ಸರದಿ ಯಾವಾಗ ಬರುವುದೆಂದು ಇಸ್ತ್ರಿಯವರೂ ಹೇಳಲಾರರು.

ಇದಕ್ಕಿಂತ ಕಷ್ಟದ್ದು ಆ ಬಟ್ಟೆಯನ್ನು ಎಲೆಕ್ಟ್ರಾನಿಕ್ಸ್ ಸಿಟಿಯ ದಾರಿಯಲ್ಲಿ ವಾಹನ ದಟ್ಟಣೆಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿಸುವುದು. ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಬೆಂಗಳೂರಿನ ಮಳೆ ಜೋರಾಗಿರುತ್ತದೆ. ಕಾಲೇಜುಗಳ ಕ್ಯಾಂಪಸ್ ಆಯ್ಕೆಗಳೂ ಅದೇ ತಿಂಗಳುಗಳಲ್ಲಿ ಭರದಿಂದ ನಡೆಯುತ್ತವೆ. ಮಳೆಯಿಲ್ಲದ ದಿನ ಧೂಳು, ಬೈಕ್ ಟ್ಯಾಕ್ಸಿಯಲ್ಲಿ ಹೋದರೆ ಹೆಲ್ಮೆಟ್ಟಿಗೆ ಚಪ್ಪಟೆಯಾದ ಕೂದಲು. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೊ ಹಳದಿ ಮಾರ್ಗ ಉದ್ಘಾಟನೆಯಾದ ಮೇಲೆ ಎಲೆಕ್ಟ್ರಾನಿಕ್ಸ್ ಸಿಟಿಗೆ ಹೋಗುವ ಅಭ್ಯರ್ಥಿಗಳ ಇಸ್ತ್ರಿ ಉಳಿಯುವ ಸಂಭವ ಹೆಚ್ಚಿದೆ. ನಿಲ್ದಾಣದಿಂದ ಮುಂದಿನ ಕೆಸರಿಗೆ ಮಾತ್ರ ಹಳೆಯ ಉಪಾಯವೇ ಸರಿ: ಚಪ್ಪಲಿಯಲ್ಲಿ ನಡೆದುಹೋಗಿ, ಕಟ್ಟಡದ ಮೆಟ್ಟಿಲ ಬಳಿ ಚೀಲದಿಂದ ಶೂ ತೆಗೆದು ಹಾಕಿಕೊಳ್ಳುವುದು.

ಮಹಿಳೆಯರಿಗೆ ಆಯ್ಕೆ ವಿಶಾಲವಾಗಿರುವಂತೆ ತೋರಿದರೂ ಅದರ ಮೇಲಿನ ಕಣ್ಣುಗಳೂ ಹೆಚ್ಚು. ಇಲ್ಲಿನ ಹಳೆಯ ಶಾಲೆಗಳು ಶಿಕ್ಷಕಿಯರಿಂದ ಸೀರೆಯನ್ನೇ ನಿರೀಕ್ಷಿಸುವುದುಂಟು. ಗಂಜಿ ಹಾಕಿದ ಹತ್ತಿ ಸೀರೆ ನೋಡಲು ಚೆನ್ನ, ಆದರೆ ಬಸ್ಸಿನಲ್ಲಿ ಕುಳಿತು ಎದ್ದೊಡನೆ ನೆರಿಗೆ ಸುಕ್ಕಾಗುವುದರಿಂದ, ಹತ್ತಿ ಮಿಶ್ರಣದ ಸೀರೆಯನ್ನುಟ್ಟು ಸೆರಗನ್ನು ಪಿನ್ ಮಾಡಿಕೊಂಡವರು ಪಾಠ ಮಾಡಿ ತೋರಿಸಬೇಕಾದಾಗ ಕರಿಹಲಗೆಯ ಮೇಲೆ ಕೈಯೆತ್ತಿ ನಿರಾಳವಾಗಿ ಬರೆಯುತ್ತಾರೆ. ಸಾಫ್ಟ್‌ವೇರ್ ಕಂಪನಿಗಳಿಗೆ ಸಾದಾ ಕುರ್ತಾ ಧಾರಾಳವಾಗಿ ನಡೆಯುತ್ತದೆ. ಕುಂಕುಮ, ವಿಭೂತಿ, ಮುಡಿದ ಮಲ್ಲಿಗೆಗಳನ್ನು ತೆಗೆದು ಬರಬೇಕೆಂದು ಕೆಲವು ತರಬೇತಿ ಕೇಂದ್ರಗಳು ಹೇಳಿಕೊಡುವುದು ಲೇಖಕಿಗೆ ಒಪ್ಪಿಗೆಯಿಲ್ಲ. ಸಂಪ್ರದಾಯಕ್ಕೆ ಹೆಸರಾದ ಬಸವನಗುಡಿಯ ಪಕ್ಕದಲ್ಲೇ ಕುಳಿತು ಹಣೆಯ ಕುಂಕುಮಕ್ಕೆ ಅಂಕ ಕಳೆಯುವ ಸಮಿತಿ ಇದ್ದರೆ ತಿದ್ದಬೇಕಾದದ್ದು ಸಮಿತಿಯನ್ನು.

ಸರ್ಕಾರಿ ಕೆಲಸದ ಹಾದಿ ಬೇರೆಯೇ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹಿಂದಿನ ಪರೀಕ್ಷೆಯಲ್ಲಿ ಬ್ಲೂಟೂತ್ ಸಾಧನ ಬಚ್ಚಿಟ್ಟುಕೊಂಡು ನಕಲು ಮಾಡಿದ ಅಕ್ರಮ ಬಯಲಾದ ನಂತರ, 2023ರ ನವೆಂಬರ್‌ನಲ್ಲಿ ನಿಗಮ ಮಂಡಳಿಗಳ ಹುದ್ದೆಗಳಿಗೆ ನಡೆಸಿದ ಲಿಖಿತ ಪರೀಕ್ಷೆಗೆ ತುಂಬುತೋಳಿನ ಅಂಗಿಯನ್ನೂ ಶೂಗಳನ್ನೂ ನಿಷೇಧಿಸಿತು. ಹೀಗಾಗಿ ಖಾಸಗಿ, ಸರ್ಕಾರಿ ಎರಡೂ ಕಡೆ ಪ್ರಯತ್ನಿಸುತ್ತಿರುವ ಯುವಕನ ಕಪಾಟಿನಲ್ಲಿ ಒಂದೆಡೆ ಅರ್ಧತೋಳಿನ ಅಂಗಿ ಮತ್ತು ಚಪ್ಪಲಿ, ಇನ್ನೊಂದೆಡೆ ತುಂಬುತೋಳು ಮತ್ತು ಶೂ ಎರಡೂ ಸಿದ್ಧವಿರಬೇಕಾಗುತ್ತದೆ. ಭಾನುವಾರ ಬೆಳಗ್ಗೆ ಅವಸರದಲ್ಲಿ ತಪ್ಪು ಜೋಡಿ ತೊಟ್ಟು ಹೊರಟವನನ್ನು ಪರೀಕ್ಷಾ ಕೇಂದ್ರದ ಬಾಗಿಲಲ್ಲೇ ತಡೆಯುತ್ತಾರೆ.

ಕೋವಿಡ್ ನಂತರ ಮೊದಲ ಸುತ್ತಿನ ಸಂದರ್ಶನಗಳು ಬಹುಮಟ್ಟಿಗೆ ವಿಡಿಯೊ ಕರೆಯಲ್ಲೇ ಮುಗಿಯುತ್ತಿರುವುದರಿಂದ ಪಿಜಿಯ ಮಂಚದ ಅಂಚೇ ಸಂದರ್ಶನದ ಕೊಠಡಿಯಾಗಿದೆ. ಸಣ್ಣ ಗೆರೆಗಳ ಅಂಗಿ ಕ್ಯಾಮೆರಾದಲ್ಲಿ ಅಲೆಯಲೆಯಾಗಿ ಮಿನುಗುವುದರಿಂದ ಒಂದೇ ಬಣ್ಣದ ಅಂಗಿ ಮೇಲು. ಹಿಂದಿನ ಗೋಡೆಯ ಮೊಳೆಯಲ್ಲಿ ನೇತುಬಿದ್ದ ಟವೆಲನ್ನು ಮೊದಲೇ ತೆಗೆದಿಡಬೇಕು. ಚಾರ್ಜರ್ ತರಲು ಎದ್ದು ನಿಲ್ಲಬೇಕಾಗಿ ಬಂದರೆ ಎಂಬ ಒಂದೇ ಕಾರಣಕ್ಕೆ, ಲುಂಗಿಯ ಬದಲು ಪ್ಯಾಂಟನ್ನೇ ತೊಟ್ಟು ಕುಳಿತಿರಬೇಕು.