ಗಾಜಿಗೆ ಶಾಖತಡೆ ಲೇಪನ: ಅಂದಾಜು ಪಟ್ಟಿಗೆ ಅನುಮೋದನೆ ನೀಡುವ ಮುನ್ನ

ಅರಿವು ಕೇಂದ್ರದ ಕಿಟಕಿಗಳಿಗೆ ಪಾರದರ್ಶಕ ಶಾಖತಡೆ ಲೇಪನ ಬಳಿಯುವ ಪ್ರಸ್ತಾವವು ಸಭೆಯ ಮುಂದೆ ಬಂದಲ್ಲಿ, ಸದಸ್ಯರು ಅದರ ಕಾರ್ಯವಿಧಾನವನ್ನು ಅರಿತಿರುವುದು ಅವಶ್ಯ. ನೆಲಕ್ಕೆ ತಲುಪುವ ಸೂರ್ಯಶಕ್ತಿಯಲ್ಲಿ ಸುಮಾರು ಅರ್ಧದಷ್ಟು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿರುತ್ತದೆ. ಆಂಟಿಮನಿ ಬೆರೆತ ತವರದ ಆಕ್ಸೈಡ್, ಸೀಸಿಯಂ ಬೆರೆತ ಟಂಗ್‌ಸ್ಟನ್ ಆಕ್ಸೈಡ್‌ಗಳ ಕಣಗಳು ಇವನ್ನು ಬಹುಪಾಲು ಹೀರಿ, ಬೆಳಕನ್ನು ಒಳಬಿಡುತ್ತವೆ. ಕಣಗಳು 100 ನ್ಯಾನೋಮೀಟರ್‌ಗಿಂತ, ಅಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತ, ಚಿಕ್ಕವಾದ್ದರಿಂದ ಗಾಜು ಮಸುಕಾಗದು.

ಹೀರಿದ ಶಾಖ ಮಾತ್ರ ಮಾಯವಾಗುವುದಿಲ್ಲ. ಗಾಜೇ ಕಾಯುತ್ತದೆ, ಅದರ ಒಂದಂಶ ಒಳಕ್ಕೂ ಬರುತ್ತದೆ. ಆದುದರಿಂದ ಬೆಳಕೆಷ್ಟು, ಒಟ್ಟು ಸೌರಶಾಖವೆಷ್ಟು ಒಳಬರುತ್ತದೆಂಬ ಎರಡೂ ಅಂಕಿಗಳನ್ನು ಸರಬರಾಜುದಾರರಿಂದ ಲಿಖಿತವಾಗಿ ಪಡೆಯತಕ್ಕದ್ದು. ಕೊಠಡಿಯು ತಗಡಿನ ಚಾವಣಿಯಿಂದ ಕಾಯುತ್ತಿದ್ದಲ್ಲಿ ಕಿಟಕಿಗೆ ಮಾಡುವ ವೆಚ್ಚದಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಲ್ಲಿ ಮೊದಲು ಬೇಕಾದುದು ಬಿಸಿಲನ್ನು ಹಿಮ್ಮರಳಿಸುವ ಬಿಳಿ ಬಣ್ಣ.