ಬ್ಲಾಗ್ ಬರವಣಿಗೆ: ಮೊದಲ ಸಾಲಿಗಿಂತ ಮೊದಲು ಒಡೆತನ

ಅಂಗಡಿಯ ಮಳಿಗೆಯನ್ನು ಬಾಡಿಗೆಗೆ ಪಡೆಯುವಾಗ ಕರಾರುಪತ್ರವನ್ನು ಎರಡು ಬಾರಿ ಓದುವ ವರ್ತಕರು, ಅದೇ ಅಂಗಡಿಯ ಹೆಸರಿನಲ್ಲಿ ಅಂತರಜಾಲದಲ್ಲಿ ವಿಳಾಸ ತೆರೆಯುವಾಗ ಆ ಕಾರ್ಯವನ್ನು ಮಗನಿಗೋ, ಗಣಕಯಂತ್ರ ಬಲ್ಲ ನೌಕರನಿಗೋ ಒಪ್ಪಿಸಿ ಸುಮ್ಮನಾಗುವುದುಂಟು. ಬ್ಲಾಗ್ ಆರಂಭಿಸಲು ತಗಲುವ ಹಣ ಅಲ್ಪ. ಆದರೆ ಕೆಲವು ವರ್ಷಗಳಲ್ಲಿ ಅದು ಗಳಿಸುವ ಹೆಸರು ಅಲ್ಪವಲ್ಲ. ಆ ಹೆಸರು ಯಾರ ಸ್ವತ್ತಾಗಿರಬೇಕೆಂಬುದನ್ನು ಆರಂಭದಲ್ಲಿಯೇ ತೀರ್ಮಾನಿಸುವುದು ಒಳ್ಳೆಯದು.

ಬ್ಲಾಗ್ ಎಂದರೇನು?

ದಿನಾಂಕದ ಕ್ರಮದಲ್ಲಿ, ಹೊಸದು ಮೇಲೆ ಬರುವಂತೆ, ಲೇಖನಗಳನ್ನು ಪ್ರಕಟಿಸುವ ಜಾಲತಾಣವೇ ಬ್ಲಾಗ್. ‘ವೆಬ್‌ಲಾಗ್’ ಎಂಬ ಪದ 1997ರಲ್ಲಿ ಬಳಕೆಗೆ ಬಂದು, 1999ರಲ್ಲಿ ‘ಬ್ಲಾಗ್’ ಎಂದು ಚಿಕ್ಕದಾಯಿತು. ಅದೇ ವರ್ಷ ‘ಬ್ಲಾಗರ್’ ಸೇವೆ ಆರಂಭವಾಯಿತು. 2003ರಲ್ಲಿ ಗೂಗಲ್ ಅದನ್ನು ಖರೀದಿಸಿತು. ‘ವರ್ಡ್‌ಪ್ರೆಸ್’ ತಂತ್ರಾಂಶ ಹೊರಬಂದದ್ದೂ 2003ರಲ್ಲಿಯೇ. ವಾಟ್ಸಾಪ್‌ನಲ್ಲಿ ಕಳುಹಿಸಿದ ಸಂದೇಶ ಮರುದಿನವೇ ಹಿಂದೆ ಸರಿದುಹೋಗುತ್ತದೆ. ಬ್ಲಾಗಿನಲ್ಲಿ ಬರೆದ ಲೇಖನವಾದರೋ ಹುಡುಕುವವರಿಗೆ ವರ್ಷಗಳ ನಂತರವೂ ದೊರೆಯಬಲ್ಲದು. ವ್ಯಾಪಾರಕ್ಕೆ ಅದರ ಮುಖ್ಯ ಉಪಯೋಗ ಇದೇ ಆಗಿದೆ.

ವಿಳಾಸ ಸ್ವಂತದ್ದಾಗಿರಲಿ

ಉಚಿತ ಸೇವೆಯಲ್ಲಿ ದೊರೆಯುವ ವಿಳಾಸವು ಪರರ ಜಾಗದಲ್ಲಿ ಹಾಕಿದ ಚಪ್ಪರವಿದ್ದಂತೆ. ಯಾಹೂ ಸಂಸ್ಥೆಯು ಜಿಯೋಸಿಟೀಸ್ ಸೇವೆಯನ್ನು 2009ರಲ್ಲಿ ಮುಚ್ಚಿತು. ಭಾರತದಲ್ಲಿ ಬಹು ಜನಪ್ರಿಯವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಕೊನೆಗೊಂಡಿತು. ಸ್ವಂತ ಡೊಮೈನ್ ಹೆಸರಿದ್ದು, ಲೇಖನಗಳ ಪ್ರತಿಯನ್ನು ಕಾಯ್ದಿಟ್ಟುಕೊಂಡಿದ್ದಲ್ಲಿ, ಸೇವೆ ಒದಗಿಸುವವರು ಬದಲಾದರೂ ಗ್ರಾಹಕರು ಬರುವ ವಿಳಾಸ ಬದಲಾಗುವುದಿಲ್ಲ. ಆದ್ದರಿಂದ ಬ್ಲಾಗರ್‌ನಂತಹ ಉಚಿತ ಸೇವೆಯಲ್ಲಿ ಆರಂಭಿಸುವವರೂ ಸ್ವಂತ ಹೆಸರನ್ನು ಖರೀದಿಸಿ ಅದಕ್ಕೆ ಜೋಡಿಸಿಕೊಳ್ಳುವುದು ಸೂಕ್ತ.

ಡೊಮೈನ್ ಹೆಸರಿನ ಬೆಲೆ ಎಷ್ಟೆಂಬುದಕ್ಕೆ ಕರ್ನಾಟಕದಿಂದಲೇ ಮೇಲೇರಿದ ಒಂದು ಮೊಕದ್ದಮೆ ಸಾಕ್ಷಿ. ‘ಸಿಫಿ’ ಹೆಸರಿನ ಡೊಮೈನ್‌ಗಳನ್ನು 1999ರಲ್ಲಿ ನೋಂದಾಯಿಸಿದ್ದ ಸತ್ಯಂ ಇನ್ಫೋವೇ ಕಂಪನಿಯು, ಅದನ್ನೇ ಹೋಲುವ ಹೆಸರನ್ನು 2001ರಲ್ಲಿ ನೋಂದಾಯಿಸಿದ್ದ ಸಿಫಿನೆಟ್ ಸೊಲ್ಯೂಷನ್ಸ್ ವಿರುದ್ಧ ದಾವೆ ಹೂಡಿತು. ಸಿವಿಲ್ ನ್ಯಾಯಾಲಯವು ತಡೆಯಾಜ್ಞೆ ನೀಡಿತು. ಹೈಕೋರ್ಟ್ ಅದನ್ನು ತೆರವುಗೊಳಿಸಿತು. ಸುಪ್ರೀಂ ಕೋರ್ಟ್ 2004ರ ಮೇ 6ರಂದು ತಡೆಯಾಜ್ಞೆಯನ್ನು ಮರಳಿ ಜಾರಿಗೊಳಿಸಿತು. ಡೊಮೈನ್ ಹೆಸರಿಗೂ ವ್ಯಾಪಾರ ಚಿಹ್ನೆಯ ಲಕ್ಷಣಗಳಿರಬಲ್ಲವೆಂದೂ, ಒಬ್ಬರ ಸರಕನ್ನು ಮತ್ತೊಬ್ಬರದೆಂದು ಬಿಂಬಿಸುವುದರ ವಿರುದ್ಧದ ಕಾನೂನು ಅದಕ್ಕೂ ಅನ್ವಯಿಸುವುದೆಂದೂ ಅಂದು ಸ್ಥಿರಪಟ್ಟಿತು. ಆದರೆ ಮೂರು ನ್ಯಾಯಾಲಯಗಳ ಮೆಟ್ಟಿಲು ಹತ್ತುವ ಶಕ್ತಿ ಸಣ್ಣ ವ್ಯಾಪಾರಿಗಳಿಗೆ ಎಲ್ಲಿಂದ ಬರಬೇಕು? ಸಕಾಲದಲ್ಲಿ ಸರಿಯಾದ ಹೆಸರಿನಲ್ಲಿ ನೋಂದಾಯಿಸುವುದೇ ಅಗ್ಗದ ಮಾರ್ಗ.

ಸರಿಯಾದ ಹೆಸರೆಂದರೆ ಸಂಸ್ಥೆಯ ಹೆಸರು. ಪಾಲುದಾರಿಕೆ ಸಂಸ್ಥೆಯ ಡೊಮೈನ್ ಒಬ್ಬ ಪಾಲುದಾರರ ಸ್ವಂತ ಹೆಸರಿನಲ್ಲಿದ್ದರೆ, ಅವರು ನಿವೃತ್ತರಾಗುವ ದಿನ ಅದು ವಿವಾದದ ವಸ್ತುವಾಗುತ್ತದೆ. ನೌಕರನ ಇ-ಮೇಲ್ ವಿಳಾಸದಲ್ಲಿ ಖಾತೆ ತೆರೆದಿದ್ದರೆ, ಅವನು ಕೆಲಸ ಬಿಟ್ಟ ದಿನ ಬೀಗದ ಕೈಯೂ ಅವನೊಡನೆ ಹೋಗುತ್ತದೆ. ನವೀಕರಣದ ದಿನಾಂಕವನ್ನು ವಿಮಾ ಕಂತಿನ ದಿನಾಂಕದಂತೆಯೇ ಗುರುತಿಟ್ಟುಕೊಳ್ಳಬೇಕು. ಅವಧಿ ಮೀರಿ, ನಂತರದ ರಿಯಾಯಿತಿ ದಿನಗಳೂ ಕಳೆದರೆ ಆ ಹೆಸರನ್ನು ಬೇರೆ ಯಾರಾದರೂ ಪಡೆಯಬಹುದು.

ಬರಹದ ಹಕ್ಕು

1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ನೌಕರನು ತನ್ನ ನೌಕರಿಯ ಭಾಗವಾಗಿ ಬರೆದದ್ದರ ಪ್ರಥಮ ಒಡೆಯನು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಮಾಲೀಕನೇ. ಹೊರಗಿನವರಿಂದ ಹಣ ಕೊಟ್ಟು ಬರೆಸಿದ ಲೇಖನಕ್ಕೆ ಈ ನಿಯಮವಿಲ್ಲ. ಲಿಖಿತ ಹಸ್ತಾಂತರವಿಲ್ಲದೆ ಹಕ್ಕು ಬರೆದವರಲ್ಲಿಯೇ ಉಳಿಯುತ್ತದೆ. ಹಸ್ತಾಂತರ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದನ್ನು 5 ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಕಾನೂನು ಭಾವಿಸುತ್ತದೆ. ಬಿಲ್ಲು ಪಾವತಿಸಿದ ಮಾತ್ರಕ್ಕೆ ಹಕ್ಕು ಬಂತೆಂದು ತಿಳಿಯಬಾರದು.

ಲೆಕ್ಕಪುಸ್ತಕದಲ್ಲಿ

ಡೊಮೈನ್ ಮತ್ತು ಹೋಸ್ಟಿಂಗ್ ಸೇವೆಗಳಿಗೆ ಶೇ. 18ರ ಜಿಎಸ್‌ಟಿ ಇದೆ. ನೋಂದಾಯಿತ ವರ್ತಕರು ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ಸಂಖ್ಯೆಯನ್ನು ನಮೂದಿಸುವಂತೆ ನೋಡಿಕೊಂಡಲ್ಲಿ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ವಿದೇಶಿ ಸಂಸ್ಥೆಯಿಂದ ಸೇವೆ ಪಡೆದಲ್ಲಿ ನೋಂದಾಯಿತರು ರಿವರ್ಸ್ ಚಾರ್ಜ್ ಕ್ರಮದಲ್ಲಿ ತಾವೇ ತೆರಿಗೆ ಕಟ್ಟಬೇಕಾಗುತ್ತದೆ. ಸ್ವಂತ ಕಾರ್ಡಿನಿಂದ ಹಣ ಕಟ್ಟಿ ಬಿಲ್ಲನ್ನು ಸಂಸ್ಥೆಗೆ ಒಪ್ಪಿಸದಿದ್ದಲ್ಲಿ ಜಮೆಯೂ ಇಲ್ಲ, ಖರ್ಚಿನ ದಾಖಲೆಯೂ ಇಲ್ಲ. ನಾಳೆ ಒಡೆತನ ಸಾಬೀತುಪಡಿಸಲು ಕಾಗದವೂ ಇರುವುದಿಲ್ಲ.

ಏನು ಬರೆಯಬೇಕು?

ವಿಷಯಕ್ಕಾಗಿ ದೂರ ಹೋಗಬೇಕಿಲ್ಲ. ಗಿರಾಕಿಗಳು ಗಲ್ಲಾಪೆಟ್ಟಿಗೆಯ ಮುಂದೆ ಪದೇ ಪದೇ ಕೇಳುವ ಹತ್ತು ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಹತ್ತು ಲೇಖನಗಳು ಸಿದ್ಧವಾದಂತೆಯೇ. ಉದಾಹರಣೆಗೆ, ಇಳಕಲ್ ಸೀರೆಯ ವ್ಯಾಪಾರಿಯು ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಸೇರಿಸುವ ಬಗೆಯನ್ನು ನಾಲ್ಕು ಚಿತ್ರಗಳೊಡನೆ ವಿವರಿಸಬಹುದು. ಸೀರೆಯನ್ನು ಒಗೆಯುವ, ಮಡಿಸಿಡುವ ಕ್ರಮವನ್ನು ತಿಳಿಸಬಹುದು. ಇದನ್ನು ಓದಿದ ಗಿರಾಕಿಗೆ ಬೆಲೆಯ ಕಾರಣ ತಾನಾಗಿಯೇ ಅರ್ಥವಾಗುತ್ತದೆ.

ಕನ್ನಡದಲ್ಲಿ ಬರೆಯುವವರು ಯೂನಿಕೋಡ್ ಅಕ್ಷರಗಳನ್ನೇ ಬಳಸಬೇಕು. ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪಿಸಿದ ಪಠ್ಯವನ್ನು ಹುಡುಕುವ ಯಂತ್ರಗಳು ಕನ್ನಡವೆಂದು ಗುರುತಿಸಲಾರವು, ಮೊದಲು ಪರಿವರ್ತಿಸಿಕೊಳ್ಳಬೇಕಾಗುತ್ತದೆ.

ಹೊಗಳಿಕೆಯಲ್ಲಿ ಮಿತಿ ಇರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಜಾಹೀರಾತು ಎಂಬ ಪದಕ್ಕೆ ಅಂತರಜಾಲದ ಪ್ರಚಾರವೂ ಸೇರಿದ್ದು, ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಸರಕಿನ ಪೆಟ್ಟಿಗೆಯ ಮೇಲೆ ಮುದ್ರಿಸಲು ಹಿಂಜರಿಯುವ ಮಾತನ್ನು ಬ್ಲಾಗಿನಲ್ಲಿಯೂ ಬರೆಯಬಾರದು.

ಆರಂಭದ ಕ್ರಮ

1. ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯದೇ ಇ-ಮೇಲ್ ಮೂಲಕ ಡೊಮೈನ್ ನೋಂದಾಯಿಸುವುದು.

2. ಪಾಸ್‌ವರ್ಡನ್ನು ಮಾಲೀಕರ ವಶದಲ್ಲಿಟ್ಟು, ಬರೆಯುವ ನೌಕರನಿಗೆ ಪ್ರತ್ಯೇಕ ಪ್ರವೇಶ ನೀಡುವುದು.

3. ಹೊರಗಿನ ಬರಹಗಾರರೊಡನೆ ಅವಧಿ, ಪ್ರದೇಶ ನಮೂದಿಸಿದ ಹಸ್ತಾಂತರ ಪತ್ರ ಮಾಡಿಕೊಳ್ಳುವುದು.

4. ತಿಂಗಳಿಗೊಮ್ಮೆ ಎಲ್ಲ ಲೇಖನಗಳ ಪ್ರತಿಯನ್ನು ಕಾಯ್ದಿಡುವುದು.

5. ವಾರಕ್ಕೆ ಒಂದರಂತೆ, ಗಿರಾಕಿಯ ಒಂದು ಪ್ರಶ್ನೆಗೆ ಉತ್ತರ ಬರೆಯುವುದು.

ಈಗಾಗಲೇ ಬ್ಲಾಗ್ ಹೊಂದಿರುವವರು, ಮುಂದಿನ ಲೇಖನಕ್ಕೆ ಮೊದಲು, ನೋಂದಣಿ ಯಾರ ಹೆಸರಿನಲ್ಲಿದೆ ಎಂಬುದನ್ನು ಒಮ್ಮೆ ಪರಿಶೀಲಿಸುವುದು ಒಳಿತು. ಸಂಬಂಧಗಳು ಚೆನ್ನಾಗಿರುವಾಗ ಒಂದು ಸಹಿಯಿಂದ ಸರಿಪಡಿಸಬಹುದಾದದ್ದು ಸಂಬಂಧ ಕೆಟ್ಟ ಮೇಲೆ ವಕೀಲರ ಕಚೇರಿಯನ್ನು ತಲುಪುತ್ತದೆ.