ಕಾಡಂಚಿನ ಗ್ರಾಮಗಳ ಮಕ್ಕಳಿಗೆ ಅರಣ್ಯಜ್ಞಾನದ ಶಿಕ್ಷಣ

ಮಲೆನಾಡಿನಲ್ಲಿಯೂ ಅದರ ಸೆರಗಿನ ತಾಲ್ಲೂಕುಗಳಲ್ಲಿಯೂ ಜಮೀನು ಎಲ್ಲಿ ಮುಗಿಯುವುದೋ ಅಲ್ಲಿಯೇ ಕಾಡು ಆರಂಭವಾಗುವುದು. ದನ ಮೇಯಿಸುವುದಕ್ಕೂ, ಸೊಪ್ಪು ದರಗುಗಳನ್ನು ತರುವುದಕ್ಕೂ ರೈತನ ಮನೆಯವರು ಅದರೊಳಕ್ಕೆ ಹೋಗದೆ ವಿಧಿಯಿಲ್ಲ. ಹಿಂದೆ ಹುಡುಗರು ತಾತಂದಿರ ಸಂಗಡ ಅಲೆದು ಕಾಡಿನ ಗುಟ್ಟನ್ನು ಕಲಿಯುತ್ತಿದ್ದರು. ಈಗ ಅವರು ಪಾಠಶಾಲೆಗೆ ಹೋಗುತ್ತಿರುವುದು ಸಂತೋಷದ ವಿಷಯವೇ ಸರಿ. ಆದರೆ ರಜಾ ದಿನಗಳಲ್ಲಿ ಅದೇ ಹುಡುಗರು ದನಗಳ ಹಿಂದೆ ಕಾಡಿಗೆ ಹೋಗುವಾಗ ಅಲ್ಲಿಯ ವಿದ್ಯೆಯಿಲ್ಲದೆ ಹೋಗುತ್ತಾರೆ.

ಈ ಲೇಖಕನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಡಕೆಯ ಕೊಳೆರೋಗವನ್ನು ನೋಡಲು ಒಂದು ತೋಟಕ್ಕೆ ಹೊರಟು, ಅಡ್ಡದಾರಿ ಹಿಡಿದು ದಾರಿತಪ್ಪಿದನು. ಮೋಡ ಕವಿದು ಸೂರ್ಯನು ಕಾಣಿಸಲಿಲ್ಲ. ಗಾಬರಿಯಿಂದ ನಡೆದಷ್ಟೂ ಅದೇ ಹಳ್ಳದ ದಡಕ್ಕೆ ಮೂರು ಸಲ ಬಂದುದಾಯಿತು. ಹೊತ್ತು ಮುಳುಗುವಾಗ ತೋಟದ ಯಜಮಾನರು ಕಳುಹಿಸಿದ ದನಗಾಹಿ ಹುಡುಗನು ಬಂದು, “ಅಯ್ಯಾ, ನೀವು ನಿಂತಲ್ಲೇ ನಿಂತಿದ್ದರೆ ಮಧ್ಯಾಹ್ನವೇ ಸಿಕ್ಕುತ್ತಿದ್ದಿರಿ” ಎಂದನು. ಪರೀಕ್ಷೆಗಳಲ್ಲಿ ತೇರ್ಗಡೆಯಾದವನಿಗೆ ಅಂದಿನ ಗುರು ಆ ಹುಡುಗನೇ. ಮಕ್ಕಳಿಗೆ ಮುಖ್ಯವಾಗಿ ಕಲಿಸತಕ್ಕ ಪಾಠಗಳನ್ನು ಕೆಳಗೆ ವಿವರಿಸಿದೆ.

೧. ದಾರಿ. ಹೋಗುವ ದಿಕ್ಕನ್ನೂ ಹಿಂದಿರುಗುವ ಹೊತ್ತನ್ನೂ ಮನೆಯಲ್ಲಿ ಹೇಳಿಯೇ ಹೊರಡತಕ್ಕದ್ದು. ದಾರಿತಪ್ಪಿದೆನೆಂದು ತಿಳಿದ ಕೂಡಲೆ ನಿಲ್ಲತಕ್ಕದ್ದು. ಕೂಗುತ್ತಾ ಅಲ್ಲಿಯೇ ಇರತಕ್ಕದ್ದು. ಬಿಸಿಲಿದ್ದರೆ ಮೂರಡಿಯ ಕೋಲನ್ನು ನೆಟ್ಟು, ನೆರಳಿನ ತುದಿಗೆ ಕಲ್ಲಿಟ್ಟು, ಅರ್ಧ ಗಂಟೆಯ ಮೇಲೆ ಸರಿದ ತುದಿಗೆ ಮತ್ತೊಂದು ಕಲ್ಲಿಡಬೇಕು. ಮೊದಲನೆಯ ಕಲ್ಲು ಪಡುವಣ ಕಡೆಗೂ ಎರಡನೆಯದು ಮೂಡಣ ಕಡೆಗೂ ಇರುವುದು. ಧ್ರುವನಕ್ಷತ್ರವು ನಮ್ಮ ಸೀಮೆಯಲ್ಲಿ ಬಹಳ ಕೆಳಗೆ ಕಾಣುವುದರಿಂದ ಮರಗಳ ನಡುವೆ ಅದನ್ನು ನಂಬುವಂತಿಲ್ಲ. ಹಳ್ಳದ ಜಾಡನ್ನು ಹಿಡಿದರೆ ಊರು ಸಿಕ್ಕುವುದೆಂಬ ಮಾತು ಬಯಲುಸೀಮೆಯ ಕಡೆಗೆ ಇಳಿಯುವ ಹಳ್ಳಗಳಿಗೆ ಬಹುಮಟ್ಟಿಗೆ ಸಲ್ಲುವುದು. ಘಟ್ಟದ ಅಂಚಿನಲ್ಲಿ ಅದು ಕಡಿದಾದ ಕಮರಿಗೆ ಒಯ್ಯುವುದು.

೨. ನೀರು. ತಿಳಿಯಾಗಿ ಕಂಡ ಮಾತ್ರಕ್ಕೆ ನೀರು ಶುದ್ಧವಲ್ಲ. ಚೆನ್ನಾಗಿ ಕುದಿಸಿಯೇ ಕುಡಿಯುವುದು ಲೇಸು. ಮತ್ತಿಯ ಮರಗಳಲ್ಲಿ ಕೆಲವು ಬೇಸಗೆಯಲ್ಲಿ ಕಾಂಡದೊಳಗೆ ನೀರನ್ನು ಹಿಡಿದಿಟ್ಟಿರುವುದುಂಟು. ಇದನ್ನು ಮಕ್ಕಳಿಗೆ ತಿಳಿಸಬೇಕು. ಆದರೆ ಎಲ್ಲಾ ಮರಗಳಲ್ಲಿಯೂ ನೀರಿಲ್ಲವಾದುದರಿಂದ ಪರೀಕ್ಷೆಗೆಂದು ಕೊಡಲಿ ಹಾಕಗೊಡಬಾರದು.

೩. ಆಹಾರ. ಅನ್ನವಿಲ್ಲದೆ ಮನುಷ್ಯನು ಅನೇಕ ದಿನ ಜೀವಿಸಬಲ್ಲನು. ವಿಷದ ಗೆಡ್ಡೆಯಾದರೋ ಬೇಗನೆ ಪ್ರಾಣಕ್ಕೆ ಸಂಚಕಾರ ತರುವುದು. ಆದುದರಿಂದ ತಿನ್ನತಕ್ಕವುಗಳಿಗಿಂತ ಮೊದಲು ತಿನ್ನಬಾರದವುಗಳನ್ನು ಗುರುತಿಸಲು ಕಲಿಸಬೇಕು. ಅಗ್ನಿಶಿಖೆಯ ಗೆಡ್ಡೆಯು ಕಾಡುಗೆಣಸೆಂಬ ಭ್ರಮೆಯನ್ನುಂಟುಮಾಡುವುದು. ಅದರ ಆಕಾರವು ನೇಗಿಲನ್ನು ಹೋಲುವುದರಿಂದಲೇ ಸಂಸ್ಕೃತದಲ್ಲಿ ಅದಕ್ಕೆ ಲಾಂಗಲಿಯೆಂದು ಹೆಸರು; ಎಲೆಯ ತುದಿ ಕುಡಿಯಂತೆ ಸುರುಳಿಗೊಂಡಿರುವುದು. ಗುಲಗಂಜಿಯ ಬೀಜವೂ ಕಾಸರಕದ ಬೀಜವೂ ಘೋರ ವಿಷವಾದವು. ಕಾಸರಕದ ಹಣ್ಣಿನ ತಿರುಳನ್ನು ಹಕ್ಕಿಗಳೂ ಕೋತಿಗಳೂ ತಿನ್ನುತ್ತವೆ. ಪ್ರಾಣಿಗಳು ತಿಂದುದು ನಮಗೂ ತಿನ್ನತಕ್ಕದ್ದೆಂಬುದು ತಪ್ಪು. ಕಳಲೆಯನ್ನು ಸಹ ಹೆಚ್ಚಿ, ಎರಡು ಮೂರು ದಿನ ನೀರು ಬದಲಾಯಿಸುತ್ತಾ ನೆನೆಯಿಟ್ಟು, ಬೇಯಿಸಿದ ಮೇಲೆಯೇ ತಿನ್ನಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡುಗೆಣಸನ್ನು ಅಗೆಯುವಾಗ ಬಳ್ಳಿಯ ಬುಡದ ತುಂಡನ್ನು ಮಣ್ಣಿನಲ್ಲಿ ಮರಳಿ ಹುಗಿದು ಬರುವರು. ಬಿತ್ತನೆಯ ಕಾಳನ್ನು ಉಳಿಸುವ ರೈತನ ಬುದ್ಧಿಯೂ ಇದೇ ಅಲ್ಲವೇ?

೪. ಹಾವು ಮತ್ತು ಉಣುಗು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ಇವೆಲ್ಲಾ ಹಾನಿಕರ. ಕಚ್ಚಿದ ಅಂಗವನ್ನು ಅಲುಗಿಸದೆ, ರೋಗಿಯನ್ನು ನಡೆಸದೆ ಹೊತ್ತುಕೊಂಡು, ಪ್ರತಿವಿಷದ ಚುಚ್ಚುಮದ್ದಿರುವ ಆಸ್ಪತ್ರೆಗೆ ತಡವಿಲ್ಲದೆ ಸೇರಿಸಬೇಕು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಕಂಡುಬಂದ ಮಂಗನ ಕಾಯಿಲೆಯು ಉಣುಗಿನ ಕಡಿತದಿಂದ ಹರಡುವುದು. ಮಾರ್ಗಶಿರದಿಂದ ವೈಶಾಖದವರೆಗೆ ಇದರ ಭಯ ಹೆಚ್ಚು. ಸತ್ತ ಕೋತಿಯನ್ನು ಕಂಡರೆ ಮುಟ್ಟದೆ, ಆ ಎಡೆಯನ್ನು ಬಿಟ್ಟು ಬಂದು, ಆರೋಗ್ಯಾಧಿಕಾರಿಗಳಿಗೆ ತಿಳಿಸಬೇಕು. ಕಾಡಿನಿಂದ ಬಂದವರು ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಸ್ನಾನಮಾಡಬೇಕು. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದುದನ್ನು ವೈದ್ಯರಿಗೆ ಹೇಳಬೇಕು.

೫. ಬೆಂಕಿ. ಹೊತ್ತಿಸುವುದಕ್ಕೆ ಮೊದಲು ಆರಿಸುವುದನ್ನು ಕಲಿಸಬೇಕು. ಸುತ್ತಲಿನ ದರಗನ್ನು ಗುಡಿಸದೆ ಬೆಂಕಿ ಹಾಕಬಾರದು. ನೀರು ಸುರಿದು, ಬೂದಿಯನ್ನು ಕೈಯಿಂದ ಮುಟ್ಟುವಷ್ಟು ತಣ್ಣಗಾಗಿಸದೆ ಹೊರಡಬಾರದು. ಎಲೆ ಉದುರಿದ ಬೇಸಗೆಯಲ್ಲಿ ಈ ಪಾಠವನ್ನು ಊರೊಳಗಿನ ಕಣದಲ್ಲಿಯೇ ಮಾಡತಕ್ಕದ್ದು.

ಕಲಿಸುವ ಕ್ರಮ. ತಿಂಗಳಿಗೊಂದು ದಿನ, ಹತ್ತಕ್ಕೆ ಮೀರದ ಮಕ್ಕಳನ್ನು, ಹುಡುಗಿಯರನ್ನೂ ಬಿಡದೆ, ಅರಣ್ಯ ಇಲಾಖೆಯ ಅನುಮತಿ ಪಡೆದು ಕಾಡಂಚಿಗೆ ಕರೆದೊಯ್ಯಬೇಕು. ಗುರುವು ಆ ಕಾಡನ್ನು ಬಲ್ಲ ವೃದ್ಧನಾಗಿರಲಿ. ಸೋಲಿಗನಾಗಲಿ, ಜೇನುಕುರುಬನಾಗಲಿ, ಹಸಲರವನಾಗಲಿ, ಅವನನ್ನು ಗೌರವದಿಂದ ಕರೆದು ದಿನದ ಕೂಲಿಗೆ ಕಡಮೆಯಾಗದ ಸಂಭಾವನೆಯನ್ನು ಜಮೀನುದಾರರು ಕೊಡಬೇಕು. ಅವನು ಗಿಡವನ್ನು ಒಮ್ಮೆ ತೋರಿಸಿದರೆ ಸಾಲದು. ಎಳೆಯದು, ಹೂವಿನದು, ಒಣಗಿದ್ದು, ಈ ಮೂರು ಅವಸ್ಥೆಗಳಲ್ಲಿಯೂ ತೋರಿಸಬೇಕು. ವರ್ಷದ ಕೊನೆಗೆ ಪ್ರತಿಯೊಂದು ಮಗುವೂ ಒಂಟಿಯಾಗಿ ಗಿಡಗಳನ್ನು ಗುರುತಿಸಿ ಹೇಳಲಿ. ಒಂದು ವಿಷದ ಗಿಡವನ್ನು ತಪ್ಪಿ ಹೇಳಿದರೂ ಮತ್ತೆ ಕಲಿಯಲಿ.

ಇದರ ವೆಚ್ಚ ಅಲ್ಪ. ಬಲ್ಲ ವೃದ್ಧರಾದರೋ ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಅವರು ಇರುವಾಗಲೇ ಗ್ರಾಮದ ಮುಖಂಡರು ಈ ಕಾರ್ಯದಲ್ಲಿ ಆಸ್ಥೆ ವಹಿಸಬೇಕೆಂದು ಪ್ರಾರ್ಥಿಸುತ್ತೇನೆ.